ಬಂತೇನ್ರಿ, ವೈನಿ?

“ಬಂತೇನ್ರಿ, ವೈನಿ?”

ತಗಡಿನ ಛಾವಣಿಯ ಮೇಲೆ ಡಿಶ್ ತಿರುಗಿಸುತ್ತ ಭೀಮಶಿ ಕೂಗಿದ.

ಅಶ್ವಿನಿ ಹೊಸ್ತಿಲ ಮೇಲೆ ನಿಂತಿದ್ದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಟಿ.ವಿ. ಇದ್ದದ್ದು ಬಾಗಿಲ ಹಿಂದಿನ ಮೂಲೆಯಲ್ಲಿ, ಅಕ್ಕಿ ಡ್ರಮ್ಮಿನ ಮೇಲೆ. ಮಂಚದ ಮೇಲೆ ಕೂತವರಿಗೆ ಮಾತ್ರ ಅದು ಕಾಣುತ್ತಿತ್ತು. ಅಲ್ಲಿ ಅವಳ ಅತ್ತೆ ಚಂದವ್ವ ಕೂತಿದ್ದಳು. ಅತ್ತೆಯ ದನಿ ಛಾವಣಿಗೆ ಏರುತ್ತಿರಲಿಲ್ಲ. ಹಾಗಾಗಿ ಒಳಗಿನ ಸುದ್ದಿಯನ್ನು ಹೊರಗೆ ದಾಟಿಸುವ ಕೆಲಸ ಅಶ್ವಿನಿಯ ಪಾಲಿಗೆ ಬಂದಿತ್ತು.

“ಅತ್ತೀ, ಬಂತೇನು?”

“ಎಲ್ಲೀದು. ಸಿಗ್ನಲ್ಲಿಂದು ಎರಡು ಪಟ್ಟಿ ಅದಾವ. ಮ್ಯಾಲಿಂದು ಅರ್ಧ ತುಂಬೇತಿ. ಕೆಳಗಿಂದು ಖಾಲಿ.”

“ಇಲ್ರಿ,” ಅಶ್ವಿನಿ ಅಂಗಳಕ್ಕೆ ಮುಖ ಮಾಡಿ ಹೇಳಿದಳು. ಛಾವಣಿಯ ಕಡೆ ನೋಡಲಿಲ್ಲ.

“ಈಗ, ವೈನಿ?”

“ಇಲ್ಲ.”

“ಈಗ?”

“ಇಲ್ಲ ಅಂದ್ನೆಲ್ಲ.”

ವಾರಕ್ಕೊಂದೇ ರಜೆ. ಕುಂಡಯಿಯ ಕಾರ್ಖಾನೆಯಲ್ಲಿ ವಾರವೆಲ್ಲ ನಿಂತು ಔಷಧಿ ಡಬ್ಬಿಗಳಿಗೆ ಅಂಟು ಹಚ್ಚುವವಳಿಗೆ ಈ ಒಂದು ದಿನವೂ ನಿಲ್ಲುವುದೇ ಆಯಿತು. ಬಕೆಟ್ಟಿನಲ್ಲಿ ಬಟ್ಟೆ ನೆನೆದು ನೆನೆದು ವಾಸನೆ ಹೊಡೆಯತೊಡಗಿತ್ತು. ರೊಟ್ಟಿ ಹಿಟ್ಟು ಡಬ್ಬಿಯಲ್ಲೇ ಇತ್ತು. ಮಗಳು ಸೃಷ್ಟಿಯ ಶಾಲೆಯ ಅಂಗಿಗೆ ಗುಂಡಿ ಹಚ್ಚುವುದಿತ್ತು. ಇದೆಲ್ಲ ಅವಳಿಗೆ ಹೊಸದಲ್ಲ. ಇದಕ್ಕೆ ಅವಳು ಸಿಟ್ಟಾಗಿರಲೂ ಇಲ್ಲ.

ಅವಳ ಸಿಟ್ಟೆಲ್ಲ ಆ ‘ವೈನಿ’ಯ ಮೇಲೆ.

ಗಂಡ ಮಾನಪ್ಪ ಇದ್ದಾಗಿನಿಂದ ಭೀಮಶಿ ಅವಳನ್ನು ವೈನಿ ಅನ್ನುತ್ತಿದ್ದ. ಇಬ್ಬರೂ ಸೆಂಟ್ರಿಂಗ್ ಕೆಲಸದವರು, ಒಂದೇ ಮೇಸ್ತ್ರಿಯ ಕೈಕೆಳಗೆ ಹಲಗೆ ಹೊತ್ತವರು. ವೈನಿ ಅಂದರೆ ಅತ್ತಿಗೆ; ಗೆಳೆಯನ ಹೆಂಡತಿ ವೈನಿ, ಅಷ್ಟೇ. ಮಾನಪ್ಪನನ್ನು ಕಾಮಾಲೆ ಕೊಂಡೊಯ್ದ ಮೇಲೂ ಅವನ ಬಾಯಲ್ಲಿ ಅದೇ ಉಳಿದಿತ್ತು. ನೀರಿನ ಕೊಡ ಇಳಿಸಿಕೊಟ್ಟು “ಇಡ್ಲೇನ್ರಿ ವೈನಿ.” ಅತ್ತೆಯ ಮಾತ್ರೆ ತಂದುಕೊಟ್ಟು “ತಗೋರಿ ವೈನಿ.”

ಆಮೇಲೆ ಒಂದು ದಿನದಿಂದ ಆ ಮಾತು ನಿಂತುಹೋಯಿತು.

ನಿಂತದ್ದು ಅವಳಿಗೆ ಕೂಡಲೇ ಗೊತ್ತಾಯಿತು. ಸಂಜೆ ಕೆಲಸ ಬಿಟ್ಟು ಬಸ್ಸಿನಿಂದ ಇಳಿದಾಗ ಅವನು ಸ್ಟಾಪಿನಲ್ಲಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. ಅವಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಸುಮ್ಮನೆ ಅವಳ ಹಣೆ ನೋಡಿದ.

“ಟೊಪಿಗಿ ಗೀಟು ಇನ್ನೂ ಹೋಗಿಲ್ಲ,” ಅಂದ.

ಕಾರ್ಖಾನೆಯಲ್ಲಿ ಕೂದಲು ಮುಚ್ಚಲು ಹಾಕುವ ಟೊಪ್ಪಿಗೆಯ ಎಲಾಸ್ಟಿಕ್ ದಿನಾ ಅವಳ ಹಣೆಯ ಮೇಲೆ ಒಂದು ಕೆಂಪು ಗೆರೆ ಬಿಡುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಅದು ಮಾಯ. ಯಾರೂ ಅದನ್ನು ನೋಡಿರಲಿಲ್ಲ. ಅವಳೇ ನೋಡಿಕೊಂಡಿರಲಿಲ್ಲ.

ಆ ರಾತ್ರಿ ರೊಟ್ಟಿ ಬಡಿಯುವಾಗ ಹಿಟ್ಟಿನ ಕೈಯಲ್ಲೇ ಎರಡು ಸಲ ಹಣೆ ಮುಟ್ಟಿಕೊಂಡಳು. “ಹಣಿಗೆ ಯಾಕ ಹಿಟ್ಟು ಮೆತ್ತೇತಿ?” ಅಂತ ಅತ್ತೆ ಕೇಳಿದಾಗ “ಸೆಕಿ” ಅಂದಳು.

ಅಂಥ ಮನುಷ್ಯ ಈಗ ತಗಡಿನ ಮೇಲೆ ಕೂತು, ಸಾಲುಮನೆಯ ಬಾಡಿಗೆ ಖೋಲಿಗಳ ಮಂದಿಯೆಲ್ಲ ಕೇಳುವ ಹಾಗೆ ವೈನಿ, ವೈನಿ ಅಂತ ಒದರುತ್ತಿದ್ದ. ಮಂದಿ ಇದ್ದರೆ ವೈನಿ. ಮಂದಿ ಇಲ್ಲದಿದ್ದರೆ ಹೆಸರಿಲ್ಲ, ಬರೀ ನೋಟ.

*

ಟಿ.ವಿ. ಬೇಕಾದದ್ದು ಅತ್ತೆಗೆ. ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಚಂದವ್ವ ದಿನವಿಡೀ ಒಬ್ಬಳೇ. ಫೋನು ಇದ್ದದ್ದು ಒಂದು, ಅದು ಅಶ್ವಿನಿಯ ಜೊತೆಗೆ ಹೋಗುತ್ತಿತ್ತು. ಸುತ್ತ ಕೊಂಕಣಿ, ಮರಾಠಿ, ಹಿಂದಿ. ಸೃಷ್ಟಿಯೂ ಮನೆಗೆ ಬಂದು “ಅಜ್ಜೀ, ಉದಾಕ್ ದೀ ಗೋ” ಅನ್ನತೊಡಗಿದ್ದಳು. ನೀರು ಕೇಳುತ್ತಿದ್ದಾಳೆ ಎಂದು ಮುದುಕಿಗೆ ಗೊತ್ತಿತ್ತು, ಆದರೂ ಕನ್ನಡದಲ್ಲಿ ಕೇಳುವವರೆಗೆ ಕೊಡುತ್ತಿರಲಿಲ್ಲ.

“ಮನಿಯಾಗ ನಮ್ಮ ಮಾತಿನ ಸದ್ದು ಇರಬೇಕವ್ವ,” ಅಂದಿದ್ದಳು. “ಯಾರರೆ ಮಾತಾಡ್ಲಿ, ನನ್ನ ಕೂಡ ಮಾತಾಡೂದು ಬ್ಯಾಡ.”

ಊರಿಗೆ ವಾಪಸು ಹೋಗುತ್ತಿದ್ದ ಗೆಳತಿಯಿಂದ ಅಶ್ವಿನಿ ಸಣ್ಣ ಟಿ.ವಿ. ಒಂದನ್ನು ತಗೊಂಡಳು. ಇನ್ನು ಆಂಟೆನಾ. ಕೇಬಲ್ಲಿನವನು ಇವರ ಸಾಲಿಗೆ ಬರುತ್ತಿರಲಿಲ್ಲ. ತಿಂಗಳು ತಿಂಗಳು ರೀಚಾರ್ಜು ಕೇಳುವ ಡಿಶ್ ಅವಳಿಗೆ ಬೇಡವಾಗಿತ್ತು.

“ನಮ್ಮೂರ ಗೌಡರ ಮನಿ ಮ್ಯಾಲ ಇರತಿತ್ತಲ್ಲ, ಮೀನಿನ ಎಲುಬಿನಂಗ,” ಅಂದಳು ಅತ್ತೆ. “ಅದನ್ನ ತಾ. ಒಮ್ಮೆ ಏರಿಸಿದ್ರ ಮುಗೀತು, ಯಾರಿಗೂ ಏನೂ ಕೊಡೂದಿಲ್ಲ.”

ಅಂಥದ್ದೊಂದು ಅಲ್ಯೂಮಿನಿಯಂ ಆಂಟೆನಾ ಗುಜರಿಯವನ ಹತ್ತಿರ ಸಿಕ್ಕಿತು. ಭೀಮಶಿ ಅದರ ಸೊಟ್ಟ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ, ಬಿದಿರು ಗಳಕ್ಕೆ ಕಟ್ಟಿ ನಿಲ್ಲಿಸಿದ. ಯಾವ ಕಡೆ ತಿರುಗಿಸಬೇಕು ಎಂದು ಯಾರೂ ಕೇಳಲೇ ಇಲ್ಲ. ಅವನಿಗೂ ಅತ್ತೆಗೂ ಅದು ಗೊತ್ತಿದ್ದ ವಿಷಯ. ಊರ ಕಡೆ. ಘಟ್ಟದ ಆಚೆ, ವಿಜಯಪುರದ ದಿಕ್ಕಿಗೆ. ಕನ್ನಡ ಇನ್ನೆಲ್ಲಿಂದ ಬರಬೇಕು?

ಆಂಟೆನಾ ಏರಿಸಿದ ಆ ಭಾನುವಾರವಿಡೀ ಟಿ.ವಿ.ಯಲ್ಲಿ ರವೆ ಉದುರಿತು. ಸರಕಾರದ ಗೋಪುರಗಳು ಗಾಳಿಯಲ್ಲಿ ಚಿತ್ರ ಕಳಿಸುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಹೇಳುವವರು ಯಾರೂ ಇರಲಿಲ್ಲ. ಕಡೆಗೆ ಫೋಂಡಾದ ಅಂಗಡಿಯವನು ನಕ್ಕು, ಆ ಕಡ್ಡಿಗೆ ಇನ್ನು ಕಾಗೆ ಕೂತೀತೇ ಹೊರತು ಚಾನಲ್ ಬರುವುದಿಲ್ಲ ಎಂದ. ತಿಂಗಳ ರೀಚಾರ್ಜು ಬೇಡದ ಫ್ರೀ ಡಿಶ್ ತೆಗೆದುಕೊಳ್ಳಿ, ಬಾಕ್ಸಿನಲ್ಲಿ ಚಾನಲ್‌ಗಳನ್ನು ನಾನೇ ತುಂಬಿ ಕೊಡುತ್ತೇನೆ, ಕನ್ನಡದ ಚಂದನವೂ ಬರುತ್ತದೆ, ಎಂದ. ಮುಖ ಆಗ್ನೇಯಕ್ಕೆ ಇರಲಿ, ನೆಲ ನೋಡಬೇಡಿ, ಆಕಾಶ ನೋಡಿ, ಅಂತ ಎರಡು ಸಲ ಹೇಳಿದ.

ಅಶ್ವಿನಿ ಅದನ್ನು ಹಾಗೆಯೇ ಬಂದು ಭೀಮಶಿಗೆ ಹೇಳಿದ್ದಳು. ಹೇಳಬೇಕಾಗಿ ಬಂತಲ್ಲ ಎಂಬ ಮುಖದಲ್ಲಿ ಹೇಳಿದ್ದಳು. ಯಾಕೆಂದರೆ ಅಷ್ಟರಲ್ಲಿ ನಳದ ಹತ್ತಿರದ ಮಾತು ಆಗಿಹೋಗಿತ್ತು.

*

ನಸುಕಿನಲ್ಲಿ ನಳಕ್ಕೆ ನೀರು ಬರುತ್ತದೆ. ಅವತ್ತು ಸಾಲಿನಲ್ಲಿ ಅವಳು ಮೊದಲು, ಅವನು ಎರಡನೆಯವನು, ಮೂರನೆಯವರು ಇನ್ನೂ ಎದ್ದಿರಲಿಲ್ಲ. ಅವನು ತನ್ನ ಕೊಡವನ್ನು ಅವಳ ಕೊಡದ ಪಕ್ಕ ಇಟ್ಟು, ಅದು ಕಲ್ಲಿಗೆ ತಾಗಿ ಸದ್ದು ಮಾಡಿದ್ದಕ್ಕೆ ತಾನೇ ಬೆದರಿ ಸುತ್ತ ನೋಡಿದ.

“ಒಂದು ಮಾತು ಕೇಳೂದಿತ್ತು,” ಅಂದ, ಪಿಸುದನಿಯಲ್ಲಿ.

“ಕೇಳ್ರಿ.”

“ನಮ್ಮ ಮಂದ್ಯಾಗ ಉಡಕಿ ಅದ ಅಲ್ರಿ...”

ಅವಳ ಎದೆ ಕೊಡದ ಹಾಗೆ ತುಂಬಿ ಬಂತು. ಅವರ ಮಂದಿಯಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಬಹುದು. ಅದಕ್ಕೆ ಉಡಕಿ ಅನ್ನುತ್ತಾರೆ. ಗಂಡು ಒಂದು ಸೀರೆ ತಂದು ಉಡಿಸಿದರೆ ಆಯಿತು.

“ಅದ,” ಅಂದಳು. ನಗು ಬಂದದ್ದು ಕತ್ತಲಲ್ಲಿ ಅವನಿಗೆ ಕಾಣಲಿಲ್ಲ.

“ನೀವು ಹೂಂ ಅಂದ್ರ, ಒಂದಿನ ರಾತ್ರಿ ನಾಕು ಮಂದಿ ಹಿರೇರ್ನ ಕರದು ಮಾಡ್ಕೊಳ್ಳೂಣು. ಬಾಜಾ ಗೀಜಾ ಬ್ಯಾಡ. ಯಾರಿಗೂ ಗೊತ್ತಾಗದಂಗ.”

ಅವನು ತಪ್ಪೇನೂ ಹೇಳಿರಲಿಲ್ಲ. ಉಡಕಿ ಆಗುವುದೇ ಹಾಗೆ. ದೀಪ ಹಚ್ಚಿದ ಮೇಲೆ, ಬಾಗಿಲು ಮುಂದೆ ಮಾಡಿ, ಮುತ್ತೈದೆಯರು ಹತ್ತಿರ ಬಾರದೆ. ಅದು ಅವಳಿಗೂ ಗೊತ್ತಿತ್ತು. ಆದರೆ ತನ್ನ ಹಣೆಯ ಗೆರೆ ನೋಡಿದ ಮನುಷ್ಯನ ಬಾಯಿಂದ ಅದು ಬರುತ್ತದೆ ಎಂದುಕೊಂಡಿರಲಿಲ್ಲ.

“ಯಾರಿಗೂ ಗೊತ್ತಾಗದಂಗ,” ಅವಳು ಮೆಲ್ಲಗೆ ಹೇಳಿದಳು. “ನಾನೇನು ಕದ್ದ ಸಾಮಾನೇನ್ರಿ?”

“ಹಂಗಲ್ರಿ...”

ಕೊಡ ಇನ್ನೂ ಅರ್ಧ ತುಂಬಿತ್ತು. ಅವಳು ಅದನ್ನೇ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟಳು. ಆ ದಿನ ಮನೆಯಲ್ಲಿ ನೀರು ಸಾಲಲಿಲ್ಲ. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಅಲ್ಲಿಂದ ಮುಂದೆ ಅವಳು ಅವನಿಗೆ ಹೌದು, ಇಲ್ಲ ಎರಡೇ ಮಾತಾಡಿದಳು. ಅವನು ಅದನ್ನೇ ಉತ್ತರವೆಂದು ತಿಳಿದು ಹಿಂದೆ ಸರಿದು ನಿಂತ. ಮತ್ತೆ ವೈನಿ ಅನ್ನತೊಡಗಿದ. ಒಲ್ಲೆ ಅಂದವಳಿಗೆ ತೊಂದರೆ ಕೊಡಬಾರದೆಂಬ ಅವನ ಒಳ್ಳೆಯತನ ಅವಳನ್ನು ಇನ್ನಷ್ಟು ಕೆರಳಿಸಿತು. ಒಲ್ಲೆ ಅಂತ ಯಾರು ಹೇಳಿದರು ಇವನಿಗೆ? ಅವಳು ಒಲ್ಲೆ ಅಂದದ್ದು ಕತ್ತಲನ್ನು.

*

“ಬಂತೇನ್ರಿ, ವೈನಿ?”

“ಇಲ್ರಿ.”

ಖೋಲಿಯ ಮಾಲೀಕ, ಎಲ್ಲರ ಬಾಯಲ್ಲಿ ಪಾತ್ರಾಂವ, ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಅದಕ್ಕೆ ಭೀಮಶಿ ಖಾಲಿ ಪೇಂಟ್ ಬಕೆಟ್ಟಿನಲ್ಲಿ ಕಾಂಕ್ರೀಟು ತುಂಬಿ, ನಡುವೆ ಪೈಪು ನಿಲ್ಲಿಸಿ, ವಾರವೆಲ್ಲ ನೀರುಣಿಸಿ ಗಟ್ಟಿ ಮಾಡಿದ್ದ. ಆ ಬಕೆಟ್ಟನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತುವಾಗ ಅವನ ಕುತ್ತಿಗೆಯ ನರ ಬಿಗಿದದ್ದನ್ನು ಅಶ್ವಿನಿ ನೋಡಿದ್ದಳು. ನೋಡಬಾರದು ಅಂದುಕೊಂಡೇ ನೋಡಿದ್ದಳು.

ಡಿಶ್ ಕೂರಿಸಿದ್ದೇನೋ ಆಯಿತು. ಅಂಗಡಿಯವನು ಹೇಳಿದ ಕಡೆಗೆ ತಿರುಗಿಸುವ ಮೊದಲೇ ಒಳಗಿನಿಂದ ಅತ್ತೆ, “ಊರ ಕಡೆ ಮಾರಿ ಮಾಡ ಅನ್ನು” ಎಂದಳು. ಅಶ್ವಿನಿ ಮನಸ್ಸಿಲ್ಲದೆ ದಾಟಿಸಿದಳು, ಅವನು ಊರ ಕಡೆ ತಿರುಗಿಸಿದ.

ಆಮೇಲೆ ಪಕ್ಕದ ಖೋಲಿಯ ಲಾಲಪ್ಪ ಹಲ್ಲುಜ್ಜುತ್ತ ಬಂದ. ಅವನ ಮನೆ ಮೇಲೆ ರೀಚಾರ್ಜಿನ ಡಿಶ್ ಇತ್ತು, ಅದರಿಂದಾಗಿ ಈ ವಿಷಯದಲ್ಲಿ ಅವನು ಹಿರಿಯ. “ಹುಚ್ಚ ಅದಿಯೇನು ಭೀಮಶಿ? ನಂದು ಯಾ ಕಡೆ ನೋಡಾಕತ್ತೇತಿ, ನಿಂದೂ ಆ ಕಡೆನ ನೋಡ್ಲಿ. ಆಕಾಶ ಏನು ಎರಡು ಅದಾವೇನು?” ಭೀಮಶಿ ಅದನ್ನೂ ಕೇಳಿದ. ಎರಡೂ ಡಿಶ್‌ಗಳು ಅಣ್ಣ ತಮ್ಮಂದಿರ ಹಾಗೆ ಒಂದೇ ಕಡೆ ಮುಖ ಮಾಡಿ ನಿಂತವು. ಲಾಲಪ್ಪನ ಮನೆಯಲ್ಲಿ ಸಿನಿಮಾ ಓಡುತ್ತಿತ್ತು. ಇವರ ಮನೆಯಲ್ಲಿ ಕೆಳಗಿನ ಪಟ್ಟಿ ಖಾಲಿ.

ಎದುರಿನ ಖೋಲಿಯ ರಹಿಮತಬಿ ಅಕ್ಕಿ ಆರಿಸುತ್ತ ಕೂತಿದ್ದಳು. “ಜರಾ ಎಡಕ್ಕ ಬೇಟಾ,” ಅಂದಳು. ಅವನು ಎಡಕ್ಕೆ ಸರಿಸಿದ. ಅವಳ ಮನೆಗೆ ಟಿ.ವಿ.ಯೇ ಇರಲಿಲ್ಲ.

ಅಶ್ವಿನಿಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಇಳಿದು ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು. ಬಿಸಿಲು ಅವನ ಬೆನ್ನ ಹಿಂದಿತ್ತು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಎರಡೂ ಕೈಯಲ್ಲಿ ಡಿಶ್ ಹಿಡಿದು ಅವಳತ್ತ ನೋಡಿದ, ಬೈಸಿಕೊಳ್ಳಲು ತಯಾರಾದವನ ಹಾಗೆ.

“ಮಂದಿ ಹೇಳಿದ ಕಡೆಗೆಲ್ಲ ತಿರುಗಿಸ್ಕೋತ ಹೋಗ್ತೀರಲ್ರಿ. ನಾ ಹೇಳಿದ್ದು ನೆನಪದೇನು?”

“ನೀವು ಏನು ಹೇಳಿದ್ರಿ, ವೈನಿ?”

“ಆಗ್ನೇಯ. ಅಡಗಿ ಒಲಿ ಇಡೂ ಮೂಲಿ. ಊರ ಕಡೆ ಅಲ್ಲ, ಲಾಲಪ್ಪಣ್ಣನ ಕಡೆ ಅಲ್ಲ.”

“ಆ ಕಡೆ ಏನೂ ಇಲ್ಲಲ್ರಿ. ಬರೇ ಗೇರು ಗುಡ್ಡ, ಅದರ ಮ್ಯಾಲ ಆಕಾಶ.”

“ಆಕಾಶನ ಬೇಕಾಗಿದ್ದು.”

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆ ನೋಟದಲ್ಲಿ ವೈನಿ ಇರಲಿಲ್ಲ. ಅವಳ ಕೈಗಳು ಸೊಂಟದಿಂದ ತಾವೇ ಕೆಳಗಿಳಿದವು.

“ಪಾಪ, ಮನುಷ್ಯ ಮುಂಜಾನಿಂದ ಸುಡು ತಗಡಿನ ಮ್ಯಾಲ ಕುಂತಾನ,” ಲಾಲಪ್ಪ ರಹಿಮತಬಿಗೆ ಹೇಳಿದ. “ವೈನಿ ಅಂದ್ರ ವೈನಿ. ಲಕ್ಷ್ಮಣ ಇದ್ದಾಂಗ.”

ನೋಟ ಮುರಿಯಿತು. ಭೀಮಶಿ ತಲೆ ತಗ್ಗಿಸಿ ಪೈಪಿನ ಕಡೆ ತಿರುಗಿದ. ಅಶ್ವಿನಿ ದಡದಡ ನಡೆದು ಹೊಸ್ತಿಲಿಗೆ ಬಂದಳು. ಲಾಲಪ್ಪನ ಹಲ್ಲುಜ್ಜುವ ಬ್ರಷ್ಷು ಗಂಟಲಿಗೆ ಹೋಗಲಿ ಅನ್ನಿಸಿತು.

ಮೇಲೆ ಡಿಶ್ ನಿಧಾನವಾಗಿ ತಿರುಗುವ ಸದ್ದು ಕೇಳಿಸಿತು. ಗೇರು ಗುಡ್ಡದ ಕಡೆಗೆ. ಆಮೇಲೆ ಅದರ ಮುಖ ಸ್ವಲ್ಪ ಮೇಲಕ್ಕೆ.

“ಬಂತೇನ್ರಿ, ವೈನಿ?”

“ಅತ್ತೀ, ಬಂತೇನು?”

ಒಳಗೆ ಮಂಚ ಕಿರುಗುಟ್ಟಿತು, ಏನೋ ಕಾಗದ ಬಿಚ್ಚಿದ ಸದ್ದಾಯಿತು.

“ಇಲ್ಲ,” ಅಂದಳು ಅತ್ತೆ. “ಬಂದಿಲ್ಲ. ಆದ್ರ ಅದನ್ನ ಅಲ್ಲೇ ಹಿಡಕೊಂಡು ಕುಂದ್ರು ಅನ್ನು. ಅಲ್ಲಾಡಿಸಬಾರದು ಅನ್ನು.”

“ಬಂದಿಲ್ರಿ. ಹಂಗ ಹಿಡಕೊಂಡು ಕುಂದರಬೇಕಂತ. ಅಲ್ಲಾಡಿಸಬ್ಯಾಡ್ರಿ,” ಅಶ್ವಿನಿ ದಾಟಿಸಿದಳು. ಹೇಳಿದ ಮೇಲೆ ಹುಬ್ಬು ಗಂಟಿಕ್ಕಿತು. ಬಂದಿಲ್ಲ ಅಂದ ಮೇಲೆ ಅಲ್ಲಾಡಿಸಬಾರದು ಯಾಕೆ?

ಹೊಸ್ತಿಲು ದಾಟಿ ಒಳಗೆ ಬಂದು ಬಾಗಿಲ ಹಿಂದಕ್ಕೆ ಬಗ್ಗಿದಳು.

ಟಿ.ವಿ. ತುಂಬ ಹೊಲ ಇತ್ತು. ಹಸಿರು ಶಾಲು ಹೊದ್ದ ಯಾರೋ ಒಬ್ಬರು ಜೋಳದ ತೆನೆ ಹಿಡಿದು ಏನೋ ವಿವರಿಸುತ್ತಿದ್ದರು. ಕೆಳಗೆ ಕನ್ನಡ ಅಕ್ಷರಗಳು ಸಾಲಾಗಿ ಹರಿದು ಹೋಗುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ. ರಿಮೋಟು ಅತ್ತೆಯ ಮಡಿಲಲ್ಲಿತ್ತು. ಪಕ್ಕದಲ್ಲಿ ಸೃಷ್ಟಿ ಎರಡೂ ಕೆನ್ನೆ ಉಬ್ಬುವಷ್ಟು ಶೇಂಗಾ ಚಿಕ್ಕಿ ಬಾಯಲ್ಲಿಟ್ಟುಕೊಂಡು ಕೂತಿದ್ದಳು. ಮಾತಾಡದಿರಲು ಕೊಟ್ಟ ಚಿಕ್ಕಿ ಅದು ಎಂದು ಮುಖದಲ್ಲೇ ಬರೆದಿತ್ತು.

“ಅತ್ತೀ.”

“ಸುಮ್ಮಿರು.”

“ಅಂವ ಅಲ್ಲಿ ಸುಡಾಕತ್ತಾನ. ನೀವಿಲ್ಲಿ ಜ್ವಾಳ ನೋಡಾಕತ್ತೀರಿ?”

“ಬಂತು ಅಂದ್ರ ಇಳದು ಹೋಗ್ತಾನ,” ಚಂದವ್ವ ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದಳು. “ಆಮ್ಯಾಲ ಮತ್ತ ನಳದ ಹತ್ರ ಪಿಸು ಪಿಸು.”

ಮಾನಪ್ಪನ ತಾಯಿ ಇವಳು. ಮಗನನ್ನು ಮಣ್ಣಿಗೆ ಕೊಟ್ಟು ಸೊಸೆಯ ಕೈ ಹಿಡಿದು ಉಳಿದವಳು. ಅಶ್ವಿನಿ ಸೆರಗಿನ ತುದಿ ಬೆರಳಿಗೆ ಸುತ್ತಿದಳು.

“ನಿಮಗ ಹೆಂಗ...”

“ಖೋಲಿ ತಗಡಿಂದು. ನನ್ನ ಕಾಲು ಸೋತಾವ, ಕಿವಿ ಅಲ್ಲ.” ಮುದುಕಿ ಈಗ ತಿರುಗಿದಳು. “ನಂದೂ ಉಡಕಿನ ಆಗೇತಿ, ಗೊತ್ತೇನು ನಿನಗ?”

ಗೊತ್ತಿರಲಿಲ್ಲ. ಮಾನಪ್ಪನೂ ಹೇಳಿರಲಿಲ್ಲ.

“ಅಮಾಸಿ ರಾತ್ರಿ ಮಾಡಿದ್ರು. ಕಂದೀಲು ಸೈತ ಸಣ್ಣ ಮಾಡಿದ್ರು. ಮಾನಪ್ಪನ ಅಪ್ಪನ ಮಾರಿ ನಾ ನೋಡಿದ್ದು ಮರುದಿನ ಮುಂಜಾನೆ. ಚಲೋ ಮನುಷ್ಯ ಇದ್ದ, ಅದರ ಮಾತಿಲ್ಲ. ಆದ್ರ ಉಡಕಿ ಆದಾಕಿ ಅಂತ ಜನ್ಮ ಪೂರ್ತಿ ಯಾರ ಲಗ್ನದಾಗೂ ನನ್ನ ಕೈಯಾಗ ಆರತಿ ತಾಟು ಕೊಡ್ಲಿಲ್ಲ. ನಿನ್ನ ಲಗ್ನದಾಗ ನನ್ನ ಮಗನ ಆರತಿ ನಾ ಮಾಡ್ಲಿಲ್ಲ. ನೋಡಿದ್ದಿಲ್ಲ?”

ನೋಡಿದ್ದಳು. ಹೂವಿನ ದಂಡೆ ಕಟ್ಟಿಕೊಂಡು, ಸಂಕೋಚದಲ್ಲಿ ತಲೆ ತಗ್ಗಿಸಿ ನಿಂತಾಗ, ಗಂಡಿನ ತಾಯಿ ಯಾಕೆ ಕಂಬದ ಹಿಂದೆ ಇದ್ದಾಳೆ ಎಂದು ಒಂದು ಸಲ ಅನ್ನಿಸಿತ್ತು. ಆಮೇಲೆ ಮರೆತಿತ್ತು.

“ಹೋಗು,” ಅಂದಳು ಅತ್ತೆ. “ಅಂವ ಮ್ಯಾಲ ಇದ್ದಾಗನ ಮಾತಾಡ್ಸು. ಅಷ್ಟೆತ್ತರದಿಂದ ಯಾರಿಗೂ ಪಿಸುಗುಟ್ಟಾಕ ಬರಂಗಿಲ್ಲ.”

*

ಅಶ್ವಿನಿ ಅಂಗಳದ ನಡುವೆ ಬಂದು ನಿಂತಳು. ಲಾಲಪ್ಪ ಬಾಯಿ ತೊಳೆದುಕೊಂಡು ಕಟ್ಟೆಯ ಮೇಲೆ ಕೂತಿದ್ದ. ರಹಿಮತಬಿಯ ಮೊರದಲ್ಲಿ ಅಕ್ಕಿ ಇನ್ನೂ ಉಳಿದಿತ್ತು. ಇನ್ನೂ ಇಬ್ಬರು ಮೂವರು ಬಾಗಿಲಲ್ಲಿ ನಿಂತಿದ್ದರು; ಭಾನುವಾರ ಬೇರೆಯವರ ಮನೆ ಡಿಶ್ ಕೂರಿಸುವುದನ್ನು ನೋಡುವುದಕ್ಕಿಂತ ಒಳ್ಳೆಯ ಕೆಲಸ ಯಾರಿಗೂ ಇರಲಿಲ್ಲ.

“ಬಂತೇನ್ರಿ, ವೈನಿ?” ಅವನ ದನಿ ಒಣಗಿತ್ತು.

“ಚಿತ್ರದ್ದು ಬಿಡ್ರಿ. ಅವತ್ತು ನಳದ ಹತ್ರ ಏನೋ ಕೇಳಿದ್ರೆಲ್ಲ. ಅದನ್ನ ಈಗ ಕೇಳ್ರಿ.”

ಅಕ್ಕಿ ಆರಿಸುವ ಸದ್ದು ನಿಂತಿತು.

ಭೀಮಶಿಯ ಮುಖದಿಂದ ಬಿಸಿಲಿನ ಕೆಂಪೆಲ್ಲ ಇಳಿದುಹೋಯಿತು. ಕಟ್ಟೆಯ ಕಡೆ ನೋಡಿದ. ಬಾಗಿಲುಗಳ ಕಡೆ ನೋಡಿದ. ಆಮೇಲೆ ಏಣಿಯ ಕಡೆ ನೋಡಿ ಕಾಲು ಸರಿಸಿದ.

“ಇಳದು ಬರ್ತೇನ್ರಿ. ಕೆಳಗ ಬಂದು...”

“ಕೆಳಗ ಬ್ಯಾಡ. ಅಲ್ಲಿಂದನ.”

“ಇಲ್ಲಿಂದ?”

“ಹೌದ್ರಿ. ಇಷ್ಟೊತ್ತು ವೈನಿ ವೈನಿ ಅಂತ ಒದರಿದ್ದು ಅಲ್ಲಿಂದನ ಅಲ್ಲೇನ್ರಿ?”

ಏಣಿಯ ಕಡೆ ಸರಿಸಿದ್ದ ಕಾಲನ್ನು ಅವನು ಹಿಂದಕ್ಕೆ ತೆಗೆಯಲೂ ಇಲ್ಲ, ಮುಂದಕ್ಕೆ ಇಡಲೂ ಇಲ್ಲ. ಅವಳ ಕಣ್ಣು ಉರಿಯತೊಡಗಿತು, ಬಿಸಿಲಿಗೋ ಯಾವುದಕ್ಕೋ. ಈಗ ಇವನು ಏನಾದರೂ ನೆಪ ಹೇಳಿ ಇಳಿದು ಬಂದರೆ ಮುಗಿಯಿತು, ಅಂದುಕೊಂಡಳು. ಬಟ್ಟೆ ಒಗೆಯುತ್ತೇನೆ. ಗುಂಡಿ ಹಚ್ಚುತ್ತೇನೆ. ನಾಳೆಯಿಂದ ನಳಕ್ಕೆ ಎಲ್ಲರಿಗಿಂತ ಕಡೆಗೆ ಹೋಗುತ್ತೇನೆ.

“ನಾ ಅವತ್ತು ಸಣ್ಣ ದನಿಲೆ ಕೇಳಿದ್ದು,” ಅವನು ಮೇಲಿಂದ ಹೇಳಿದ, “ನಿಮಗ ಮಾತು ಬರಬಾರ್ದು ಅಂತ. ಗೆಳೆಯಾ ಸಾಯೂದನ್ನ ಕಾಯ್ಕೋತ ಇದ್ದ ಅಂತ ನನಗ ಅಂದ್ರ ಅನ್ಲಿ. ನಿಮಗ ಅನ್ನಬಾರ್ದು ಅಂತ.”

“ಮಾತು ಬರೂದು ಕದ್ದು ಮಾಡಿದ್ದಕ್ಕ,” ಅವಳು ಹೇಳಿದಳು. ದನಿ ಇಳಿಸಲಿಲ್ಲ. “ಹಗಲಾಗ ಮಾಡಿದ್ದಕ್ಕ ಎಷ್ಟು ಮಾತು ಬಂದೀತು? ಬಂದ್ರ ಕೇಳೂಣು. ಇಬ್ರೂ ಕೇಳೂಣು.”

ಅವನು ಒಂದು ಕೈಯಿಂದ ಡಿಶ್ ಹಿಡಿದೇ ನೆಟ್ಟಗೆ ಎದ್ದು ನಿಂತ. ಗೇರು ಗುಡ್ಡದ ಮೇಲಿನ ಆಕಾಶವೆಲ್ಲ ಅವನ ಬೆನ್ನಿಗೆ ಬಂತು.

“ಅಶ್ವಿನೀ,” ಅಂದ.

ವರ್ಷಗಳಿಂದ ಅವನು ಒಮ್ಮೆಯೂ ಆಡದ ಹೆಸರು. ಅವಳ ಹೆಸರು ಅಷ್ಟು ಉದ್ದವಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

“ನನ್ನ ಲಗ್ನ ಆಗ್ತೀರೇನು?”

“ಕೇಳಿಸ್ಲಿಲ್ಲ ಬೇಟಾ,” ರಹಿಮತಬಿ ಮೊರ ಕೆಳಗಿಟ್ಟು ಹೇಳಿದಳು. “ಜೋರ್ ಸೆ.”

“ನನ್ನ ಲಗ್ನ ಆಗ್ತೀರೇನ್ರಿ ಅಂತ ಕೇಳಾಕತ್ತೇನಿ. ಹಗಲಾಗ. ಗುಡಿ ಮುಂದ. ಬಾಜಾ ಹಚ್ಚಿ.”

“ಅತ್ತಿ?” ಅಶ್ವಿನಿ ಕೇಳಿದಳು. “ಮಗಳು?”

“ಅವರನ್ನ ಬಿಟ್ಟು ನಿಮ್ಮೊಬ್ರನ್ನ ನಾ ಎಲ್ಲಿ ಕರದೆ? ನನಗ ಅವ್ವ ಇಲ್ಲ. ಆರತಿ ಮಾಡವ್ರು ಯಾರರೆ ಬೇಕಲ್ರಿ. ನಿಮ್ಮತ್ತೀನ ಮಾಡ್ಲಿ.”

ಅವನಿಗೆ ಏನೂ ಗೊತ್ತಿರಲಿಲ್ಲ. ಕಂದೀಲಿನ ಕಥೆ ಅವನು ಕೇಳಿರಲಿಲ್ಲ. ಸುಮ್ಮನೆ, ಬಾಯಿಗೆ ಬಂದದ್ದು ಹೇಳಿದ್ದ. ಖೋಲಿಯೊಳಗೆ ಏನೋ ಬಿದ್ದ ಸದ್ದಾಯಿತು. ರಿಮೋಟು ಇರಬೇಕು. ಯಾಕೆಂದರೆ ಮರುಗಳಿಗೆಯೇ ಟಿ.ವಿ.ಯ ದನಿ ಇಡೀ ಸಾಲಿಗೆ ಕೇಳುವಂತೆ ಹೊರಗೆ ಬಂತು. ಜೋಳಕ್ಕೆ ಯಾವ ಕಾಲದಲ್ಲಿ ಎಷ್ಟು ನೀರು ಹಾಯಿಸಬೇಕೆಂದು ಯಾರೋ ತಾಳ್ಮೆಯಿಂದ, ಸ್ವಚ್ಛ ಕನ್ನಡದಲ್ಲಿ ಹೇಳುತ್ತಿದ್ದರು.

ಭೀಮಶಿ ಬಾಯಿ ತೆರೆದು ಕೇಳಿದ. “ಬಂದೇತಿ?”

“ಆಗಿಂದ ಬಂದೇತಿ,” ಅಂದಳು ಅಶ್ವಿನಿ. ನಗುವೋ ಅಳುವೋ, ಯಾವುದು ಮೊದಲು ಬರಬೇಕೆಂದು ಜಗಳಾಡುತ್ತಿದ್ದವು. “ಹೂಂ. ಆಗ್ತೇನಿ.”

“ಡಿಶ್ ಹಿಡಕೊಂಡು ಹೆಣ್ಣು ಕೇಳಿದವ ನೀನ ಮೊದಲನೇದವ ನೋಡಪ,” ಲಾಲಪ್ಪ ಅಂದ. ಯಾರಿಗೂ ಬೇಡದ ಚಪ್ಪಾಳೆಯನ್ನು ಒಬ್ಬನೇ ತಟ್ಟಿದ.

ಹೂಂ ಎಂದದ್ದು ಕಿವಿಗೆ ಬಿದ್ದು ಮನಸ್ಸಿಗೆ ಮುಟ್ಟಲು ಭೀಮಶಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮುಟ್ಟಿದಾಗ ಅವನು ಎರಡೂ ಕೈ ಎತ್ತಿ ಮುಖ ಒರೆಸಿಕೊಂಡ. ಚಿತ್ರ ಬಂದಿಲ್ಲ ಅಂದುಕೊಂಡಿದ್ದವನು ನಟ್ಟು ಬಿಗಿದಿರಲಿಲ್ಲ. ಹಿಡಿದ ಕೈ ಬಿಟ್ಟಿದ್ದೇ ಡಿಶ್ ದಣಿದವರ ತಲೆಯ ಹಾಗೆ ನಿಧಾನಕ್ಕೆ ತಗ್ಗಿ, ಪಾತ್ರಾಂವನ ಹಂದಿ ಗೂಡಿನ ಕಡೆ ನೋಡತೊಡಗಿತು.

ಜೋಳದ ದನಿ ಕಡಿದು ಬಿತ್ತು.

“ಹೋತು,” ಒಳಗಿನಿಂದ ಅತ್ತೆ ಹೇಳಿದಳು. ಈ ಸಲ ದನಿ ಛಾವಣಿಗೂ ಕೇಳಿತು.

“ಖರೇನ ಹೋತೇನ್ರಿ, ಇಲ್ಲಾ ಮತ್ತ ಏನರೆ ಕೇಳೂದು ಉಳದದೇನು?”

“ಖರೇನ ಹೋತಪ. ನೀರು ಹಾಯ್ಸೂದು ಹೇಳಾಕತ್ತಿದ್ರು, ಲಗೂ ಹಚ್ಚು.”

ಅವನು ಡಿಶ್ ಎತ್ತಿ ಹಿಡಿದ. ಹಿಡಿದರೆ ನಟ್ಟು ತಿರುಗಿಸಲು ಕೈಯಿಲ್ಲ. ನಟ್ಟಿಗೆ ಕೈ ಹಾಕಿದರೆ ಡಿಶ್ ತಗ್ಗುತ್ತದೆ. ಒಬ್ಬನೇ ಎಷ್ಟು ಒದ್ದಾಡಿದರೂ ಆಗುವ ಕೆಲಸವಾಗಿರಲಿಲ್ಲ. ಅವನು ಸುತ್ತ ನೋಡುವ ಮೊದಲೇ ಲಾಲಪ್ಪ ಕಟ್ಟೆಯಿಂದ ಎದ್ದ.

“ನೀ ಕುಂದ್ರಣ್ಣ,” ಅಂದಳು ಅಶ್ವಿನಿ.

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಗೆ ಕಾಲಿಟ್ಟಳು.

“ಮೊಳಿ ಸಾಲಿನ ಮ್ಯಾಲ ಕಾಲಿಡ್ರಿ,” ಅವನು ಮೇಲಿಂದ ಹೇಳಿದ. “ಅದರ ಕೆಳಗ ಕಟ್ಟಿಗಿ ಅದ. ಬ್ಯಾರೆ ಕಡೆ ಇಟ್ರ ತಗಡು ಬಗ್ಗತದ.”

ಅವಳು ಮೊಳೆಗಳ ಸಾಲು ಹಿಡಿದು ನಡೆದಳು. ಅಂಗಾಲಿಗೆ ತಗಡು ಸುಟ್ಟಿತು. ಇಷ್ಟು ಹೊತ್ತು ಅವನು ಈ ಬೆಂಕಿಯ ಮೇಲೆ ಕೂತಿದ್ದನೆಂಬುದು ಆಗ ಗೊತ್ತಾಯಿತು. ಹೊಟ್ಟೆಯಲ್ಲಿ ಉಳಿದಿದ್ದ ಸಿಟ್ಟು ಎಲ್ಲಿಗೆ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಡಿಶ್‌ನ ಎರಡೂ ಅಂಚು ಹಿಡಿದು, ಗೇರು ಗುಡ್ಡದ ಮೇಲಿನ ಖಾಲಿ ಆಕಾಶಕ್ಕೆ ಎತ್ತಿದಳು.

ಅವನು ಅವಳ ಕೈಗಳ ಕೆಳಗೆ ಬಗ್ಗಿ, ನಟ್ಟಿಗೆ ಪಾನಾ ಹಾಕಿ ತಿರುಗಿಸತೊಡಗಿದ. ತಲೆ ಅವಳ ಮೊಣಕೈಗೆ ತಾಗುವಷ್ಟು ಹತ್ತಿರ. ಕೆಳಗೆ ಇಡೀ ಸಾಲು ಕತ್ತೆತ್ತಿ ನೋಡುತ್ತಿತ್ತು. ನಡು ಹಗಲು. ಎಲ್ಲಿಯೂ ನೆರಳಿರಲಿಲ್ಲ.

“ಕೈ ಸುಡಾಕತ್ತಾವೇನು?” ಅವನು ಮೆಲ್ಲಗೆ ಕೇಳಿದ.

“ಮತ್ತ ಪಿಸುಗುಟ್ಟಾಕತ್ತೀರಿ?”

“ಈಗ ನಡೀತದ,” ಅಂದ, ನಟ್ಟಿನಿಂದ ಕಣ್ಣು ತೆಗೆಯದೆ. “ಈಗ ಎಲ್ಲಾರಿಗೂ ಗೊತ್ತಾತಲ್ಲ.”

“ಏನರೆ ಹೇಳೂದಿದ್ರ ಹೇಳ್ರಿ ಹಂಗಾರ.”

ಅವನು ತಲೆ ಎತ್ತಿದ. ಅವಳ ಹಣೆ ನೋಡಿದ.

“ಇವತ್ತು ಗೀಟು ಇಲ್ಲ,” ಅಂದ.

“ಇವತ್ತು ರಜಾ,” ಅಂದಳು.

“ಬಂತು,” ಕೆಳಗಿನಿಂದ ಅತ್ತೆ ಕೂಗಿದಳು. “ಏ, ಬಂತು. ಬಿಗದಿದ್ರ ಇಳೀರಿ ಇನ್ನ. ಕೇಳಿಸ್ತೇನು?”

ಇಬ್ಬರಿಗೂ ಕೇಳಿಸಿತು. ನಟ್ಟು ಬಿಗಿದು ಆಗಿತ್ತು. ಅಶ್ವಿನಿ ಡಿಶ್ ಬಿಡಲಿಲ್ಲ. ಭೀಮಶಿಯೂ ಪಾನಾ ತೆಗೆಯಲಿಲ್ಲ.

“ಇನ್ನೊಂದು ಸುತ್ತು ಬಿಗೀಲೇನು?” ಅಂದ.

“ಬಿಗೀರಿ,” ಅಂದಳು. “ಗಾಳಿಗೆ ಅಲ್ಲಾಡಬಾರ್ದು.”